ಒಣಕೋಣೆಯ ಹನ್ನೊಂದು ಬಕೆಟ್ಟು

"ನಿಮ್ಮ ಕೋಣೆ ಎಂದಾದ್ರೂ ಮರ ಕೆಡಿಸಿದ್ರೆ, ಕಾರಣ ಯಾರು ಅಂತ ಹುಡುಕಿ ಎಲ್ಲರ ಮುಂದೆ ಹೇಳ್ತೀನಿ ಮೇಷ್ಟ್ರೇ. ನೀವೇ ಆಗಿದ್ರೂ ಹೇಳ್ತೀನಿ."

ಹದಿನಾರು ವರ್ಷದ ಹಿಂದೆ ನನ್ನ ಅತ್ತಿಗೆ ಬಕೆಟ್ ತಾತನಿಗೆ ಕೊಟ್ಟ ಮಾತು ಇದು. ಆಗ ಅವಳು ಕರೆಂಟಿನ ಪೆಟ್ಟಿಗೆಯ ಬಾಗಿಲು ತೆಗೆಯಲೂ ಹೆದರುತ್ತಿದ್ದ ಕಲಿಕೆಯವಳು. ಅವರು ಮರದ ಮಿಲ್ಲಿನ ಒಣಕೋಣೆ ನೋಡಿಕೊಳ್ಳುತ್ತಿದ್ದವರು. ಕೆಲಸ ಕಲಿಸಿದ್ದಕ್ಕೆ ಬೇರೇನೂ ಕೇಳಲಿಲ್ಲ. ಅವರಿಗಿಂತ ಮುಂಚೆ ಅಲ್ಲಿದ್ದವನನ್ನು ಯಾರದೋ ತಪ್ಪಿಗೆ ಮನೆಗೆ ಕಳಿಸಿದ್ದರಂತೆ. ತನಗೆ ಹಾಗಾಗಬಾರದು ಅನ್ನುವುದಷ್ಟೇ ಅವರ ಆಸೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ಒಣಕೋಣೆಯ ಬಾಗಿಲು ತೆಗೆದಾಗ ಒಳಗಿದ್ದ ಸರಕೆಲ್ಲ ಸೀಳಿತ್ತು.

ನಾವು ಹೋಗುವಷ್ಟರಲ್ಲಿ ಹತ್ತು ಹಲಗೆ ಹೊರಗೆಳೆದು ನೆಲಕ್ಕೆ ಹಾಸಿದ್ದರು. ಮೂರು ಬೆರಳು ದಪ್ಪದ ಮೆಟ್ಟಿಲ ಹಲಗೆಗಳು. ಮೈತುಂಬ ಬಿರುಕು — ಕೆಲವು ಕೂದಲೆಳೆಯಷ್ಟು, ಕೆಲವು ಉಗುರು ತೂರುವಷ್ಟು. ಗರಗಸ ನಿಂತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಇಡೀ ಲೋಡಾ?" ಅತ್ತಿಗೆ ಕೇಳಿದಳು.

"ಇಡೀ ಲೋಡು," ಅಂದರು ಮಿಲ್ಲಿನ ಯಜಮಾನಿ. "ಸಂಜೆ ಐದಕ್ಕೆ ಹಲಗೆ ತಗೊಳ್ಳೋಕೆ ಕಟ್ಟಡದವರು ಬರ್ತಾರೆ. ಅಷ್ಟರಲ್ಲಿ ಇದು ಯಾರಿಂದ ಆಯ್ತು ಅಂತ ನನಗೆ ಗೊತ್ತಾಗ್ಬೇಕು. ಯಾರಿಂದ ಆಗಿದ್ಯೋ ಅವರು ನಾಳೆ ಈ ಗೇಟೊಳಗೆ ಬರಲ್ಲ."

"ಗೊತ್ತಾಗೋಕೆ ಇನ್ನೇನಿದೆ ಅತ್ತೆ?" ಅಂದ ಪಕ್ಕದಲ್ಲಿ ನಿಂತಿದ್ದ ಅವರ ಅಳಿಯ. ಬಗಲಲ್ಲಿ ಹೊಳಪು ಕಾಗದದ ಪುಸ್ತಕವೊಂದಿತ್ತು — ಹೊಸ ಕಂಪ್ಯೂಟರ್ ಕಂಟ್ರೋಲಿನದು. "ಕಣ್ಣು ಮಂಜಾದವರ ಕೈಲಿ ಡಯಲ್ಲು ಕೊಟ್ರೆ ಹೀಗೇ ಆಗೋದು."

ಕಣ್ಣು ಮಂಜಾದವರು ಅಲ್ಲೇ ಇದ್ದರು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಹಲಗೆಗಳನ್ನು ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ.

ನಾನು ನನ್ನ ನೋಟ್ ಪುಸ್ತಕ ತೆಗೆದೆ. ನಾನು ಅತ್ತಿಗೆಯ ನಾದಿನಿ; ಸುತ್ತಲ ಮಿಲ್ಲುಗಳ ಒಣಕೋಣೆ ರಿಪೇರಿ ನಮ್ಮಿಬ್ಬರದು. ವ್ಯಾನು ಓಡಿಸುವುದು, ಚೀಲ ಹೊರುವುದು, ಅವಳು ಕೇಳಿದ್ದನ್ನೂ ಅವರು ಹೇಳಿದ್ದನ್ನೂ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಅವಳು ನನಗಿಂತ ಎರಡು ವರ್ಷ ದೊಡ್ಡವಳು; ಅವಳು ನಮ್ಮ ಮನೆಗೆ ಬಂದ ಮೂರನೇ ತಿಂಗಳಿಗೇ ನಮ್ಮ ನಡುವೆ ಬಹುವಚನ ಬಿದ್ದುಹೋಯಿತು.

ಒಣಕೋಣೆ ಅಂದರೆ ಗೋಡೆಗೆಲ್ಲ ತಗಡು ಹೊದಿಸಿದ ದೊಡ್ಡ ಪೆಟ್ಟಿಗೆ. ಹಸಿ ಹಲಗೆಗಳನ್ನು ನಡುನಡುವೆ ತೆಳು ರೀಪು ಪಟ್ಟಿ ಕೊಟ್ಟು ಪೇರಿಸಿ ಬಾಗಿಲು ಮುಚ್ಚುತ್ತಾರೆ. ಒಳಗೆ ಬೆಚ್ಚನೆ ಗಾಳಿ ಸುತ್ತುತ್ತದೆ. ಮರ ಬಿಟ್ಟ ತೇವವನ್ನು ಫ್ರಿಜ್ಜಿನಂಥ ಒಂದು ಯಂತ್ರ ಹಿಡಿದು, ನೀರು ಮಾಡಿ, ಕೊಳವೆಯಲ್ಲಿ ಹೊರಗಿನ ಬಕೆಟ್ಟಿಗೆ ಬಿಡುತ್ತದೆ. ದಿನಕ್ಕೆ ಎಷ್ಟು ಬಕೆಟ್ಟು ತುಂಬಿತು ಎಂದು ತಾತ ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾರೆ. ಮಿಲ್ಲಿನಲ್ಲಿ ಬಕೆಟ್ಟು ಹಿಡಿಯುವವರು ಬಹಳ ಜನ, ಯಜಮಾನಿಗಲ್ಲದೆ ಯಂತ್ರಕ್ಕೆ ಹಿಡಿಯುವವರು ತಾತ ಒಬ್ಬರೇ ಅಂತ ಅಲ್ಲಿಯವರ ತಮಾಷೆ. ಹೆಸರು ಬಂದದ್ದೂ ಹಾಗೆಯೇ.

ಅತ್ತಿಗೆ ಅವರ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

"ಮೇಷ್ಟ್ರೇ, ಬಾಗಿಲು ಯಾಕೆ ತೆಗೆದ್ರಿ? ಲೋಡಿಗೆ ಇನ್ನೂ ಒಂಬತ್ತೇ ದಿನ."

"ಸದ್ದು ಬಂತಮ್ಮ. ಟಕ್ ಅಂತ ಒಂದು. ಆಮೇಲೆ ಇನ್ನೊಂದು. ಗೋಡೆಗೆ ಕಿವಿ ಇಟ್ಟೆ. ಒಳಗೆಲ್ಲ ಅದೇ."

"ನೀರು ಎಷ್ಟು ಬಂತು?"

"ದಿನಕ್ಕೆ ಹನ್ನೊಂದು."

"ಹಿಂದಿನ ಲೋಡುಗಳಲ್ಲಿ?"

"ಮೊದಲ ವಾರ ಆರು. ಆರೂವರೆ."

"ಹನ್ನೊಂದು ಬಂದಾಗ ಅನುಮಾನ ಬರಲಿಲ್ವಾ?"

"ಗ್ಯಾಸು ಹೊಸದು. ಚೆನ್ನಾಗಿ ಎಳೀತಿದೆ ಅಂದ್ಕೊಂಡೆ." ಅವರು ತಮ್ಮ ಅಂಗೈ ನೋಡಿಕೊಂಡರು. "ಖುಷಿಯಾಗಿತ್ತು ಅಂತ್ಲೇ ಇಟ್ಕೋ."

ನೀರೆಳೆಯುವ ಯಂತ್ರಕ್ಕೆ, ಫ್ರಿಜ್ಜಿಗೆ ತುಂಬುವ ಹಾಗೆ, ಗ್ಯಾಸು ತುಂಬಿಸಿ ಮೂರು ತಿಂಗಳಾಗಿತ್ತು. ಸರಕಿಲ್ಲದೆ ಕೋಣೆ ಅಂದಿನಿಂದ ಖಾಲಿ ಇತ್ತು. ಆಮೇಲೆ ಇದೇ ಮೊದಲ ಲೋಡು.

ಅತ್ತಿಗೆ ಎದ್ದಳು. "ಮರ ಅವಸರದಲ್ಲಿ ಒಣಗಿದೆ. ಮೇಲಿನ ಚರ್ಮ ಕುಗ್ಗಿದೆ, ಒಳಗೆ ಇನ್ನೂ ಹಸಿ. ಅದಕ್ಕೇ ಸೀಳಿದೆ. ಅವಸರ ಮಾಡಿಸಿದ್ದು ಯಾರು ಅನ್ನೋದಷ್ಟೇ ಪ್ರಶ್ನೆ. ಹಿಂದಿನ ಲೋಡು ಚೆನ್ನಾಗಿ ಬಂದಿತ್ತಲ್ವಾ? ಅದಾದ ಮೇಲೆ ಈ ಕಂಟ್ರೋಲು ಮುಟ್ಟಿದವರು ಯಾರ್ಯಾರು?"

ಎಲ್ಲರೂ ಸೇರಿ ಹೇಳಿದರು. ನಾನು ಬರೆದೆ. ಒಂದು, ಬಕೆಟ್ ತಾತ. ಎರಡು, ಮಿಲ್ಲಿನ ಎಲೆಕ್ಟ್ರಿಷಿಯನ್. ಮೂರು —

"ನಾನು ಮುಟ್ಟಿಲ್ಲ," ಅಂದ ಅಳಿಯ.

"ಕಂಟ್ರೋಲಿನ ಪೆಟ್ಟಿಗೆಯ ಎರಡನೇ ಬೀಗದಕೈ ನಿಮ್ಮತ್ತೆ ಕೋಣೇಲಿ ತೂಗ್ತಿರತ್ತೆ," ಅಂದಳು ಅತ್ತಿಗೆ. " ಹೋದ ಗುರುವಾರ ಅದು ಮೊಳೆ ಮೇಲೆ ಇರಲಿಲ್ಲವಂತೆ."

ಅಳಿಯ ಅತ್ತೆಯ ಕಡೆ ನೋಡಿದ. ಅತ್ತೆ ಹಲಗೆ ಕಡೆ ನೋಡಿದರು.

"ತಗೊಂಡಿದ್ದೆ. ಏನೀಗ? ಫೋಟೋ ತೆಗೆಯೋಕೆ. ಮುಟ್ಟಿಲ್ಲ ಅಂದೆನಲ್ಲ."

ಮೂರು, ಅಳಿಯ. ಪಟ್ಟಿ ಮುಗಿಯಿತು.

ಎಲೆಕ್ಟ್ರಿಷಿಯನ್ನಿಗೆ ಮಿಲ್ಲಿನಲ್ಲಿ ಫ್ಯೂಸು ಅಂತ ಹೆಸರು. ಕೆಲಸದಿಂದ ಬಂದದ್ದಲ್ಲ, ಸಿಟ್ಟಿನಿಂದ.

"ಹತ್ತು ದಿನದ ಹಿಂದೆ ಏನು ಮಾಡಿದೆ?" ಅತ್ತಿಗೆ ಕೇಳಿದಳು.

"ಫ್ಯೂಸು ಹಾಕ್ದೆ."

"ಅಷ್ಟೇನಾ?"

"ಅಷ್ಟೇ ಅಂದ್ರೆ ಅಷ್ಟೇ. ಯಾಕೆ, ಇನ್ನೊಂದು ಹಾಕ್ಬೇಕಿತ್ತಾ?"

"ಯಂತ್ರ ಪದೇ ಪದೇ ನಿಲ್ತಿದೆ ಅಂತ ಸ್ವಿಚ್ಚು ದಾಟಿಸಿ ತಂತಿ ನೇರ ಕೊಟ್ಟಿಲ್ಲ ತಾನೆ? ಹಾಗೆ ಮಾಡಿದ್ರೆ ಅದು ನಿಲ್ಲದೆ ಓಡತ್ತೆ. ಹನ್ನೊಂದು ಬಕೆಟ್ಟು ಬರತ್ತೆ."

"ಅಕ್ಕಾ, ನನ್ನ ತಲೆಗೆ ಕಟ್ಟೋಕೆ ಬಂದಿದ್ರೆ ಮೊದಲೇ ಹೇಳ್ಬಿಡಿ. ನಾನು ಊಟ ಮಾಡ್ಕೊಂಡು ಬರ್ತೀನಿ."

"ಉಣ್ಣು ಹೋಗು. ಮೊದಲು ಒಂದು ಬಕೆಟ್ಟು ಬಿಸಿನೀರು ತಂದುಕೊಡು."

ಅವನು ಬೈದುಕೊಂಡೇ ತಂದ.

ಕೋಣೆಯೊಳಗೆ ಎರಡು ಬಲ್ಬು ತೂಗುತ್ತವೆ — ದೀಪದ ಬಲ್ಬಲ್ಲ, ಶಾಖ ಅಳೆಯುವ ಬೆರಳುದ್ದದ ತಾಮ್ರದ ಕೊಳವೆಗಳು. ಒಂದು ಬರಿಮೈ. ಇನ್ನೊಂದಕ್ಕೆ ಸದಾ ನೀರು ಹೀರುವ ಬಟ್ಟೆ ಸುತ್ತಿರುತ್ತದೆ. ಒದ್ದೆ ಬಲ್ಬು ಒಣ ಬಲ್ಬಿಗಿಂತ ಎಷ್ಟು ತಣ್ಣಗಿದೆಯೋ ಗಾಳಿ ಅಷ್ಟು ಒಣಗಿದೆ ಎಂದರ್ಥ. ಒಣ ಬಲ್ಬು ನಲವತ್ತೈದು ಡಿಗ್ರಿ, ಒದ್ದೆ ಬಲ್ಬು ನಲವತ್ಮೂರು — ದಪ್ಪ ಹಲಗೆಗೆ ಮೊದಲ ವಾರ ಇದಿಷ್ಟು. ಒದ್ದೆ ಬಲ್ಬಿನ ಡಯಲ್ಲನ್ನು ಎಷ್ಟಕ್ಕೆ ಇಟ್ಟಿದ್ದೀರೋ ಅಷ್ಟಕ್ಕೆ ಇಳಿದ ಕೂಡಲೇ ನೀರೆಳೆಯುವ ಯಂತ್ರ ನಿಲ್ಲಬೇಕು.

ಅತ್ತಿಗೆ ಮೊದಲು ಬಟ್ಟೆ ಹಿಂಡಿ ನೋಡಿದಳು. ಒದ್ದೆಯಿತ್ತು, ಶುಭ್ರವಾಗಿತ್ತು. ನೀರಿನ ಡಬ್ಬಿ ತುಂಬಿತ್ತು. ಬಟ್ಟೆ ಬಿಚ್ಚಿ ಬಲ್ಬನ್ನೂ ತನ್ನ ಗಾಜಿನ ಥರ್ಮಾಮೀಟರನ್ನೂ ಒಂದೇ ಬಕೆಟ್ಟಿನಲ್ಲಿ ಇಳಿಬಿಟ್ಟಳು. ಯಂತ್ರ ಓಡುತ್ತಿತ್ತು. ನೀರು ಆರುವವರೆಗೆ ಎಲ್ಲರೂ ಕಾದೆವು.

"ಡಯಲ್ಲು ಎಷ್ಟಕ್ಕಿದೆ?"

"ನಲವತ್ತು," ನಾನು ಹೇಳಿದೆ.

ಥರ್ಮಾಮೀಟರು ನಲವತ್ತೆರಡು. ನಲವತ್ತೊಂದು. ನಲವತ್ತು —

ಕಟ್. ಯಂತ್ರ ನಿಂತಿತು.

"ಫ್ಯೂಸಿನ ತಪ್ಪಿಲ್ಲ," ಅಂದಳು ಅತ್ತಿಗೆ. "ತಂತಿ ಸರಿ ಇದೆ. ಡಯಲ್ಲೂ ಸರಿ ಇದೆ. ಕೂದಲಷ್ಟೂ ವ್ಯತ್ಯಾಸ ಇಲ್ಲ."

ಅಳಿಯ ಫೋನು ತೆಗೆದು ಗುರುವಾರದ ಫೋಟೋ ತೋರಿಸಿದ. ತಾರೀಖು, ಗಂಟೆ, ಎಲ್ಲ ಇತ್ತು. ಡಯಲ್ಲಿನ ಮುಳ್ಳು ನಲವತ್ತರ ಮೇಲೆ.

"ಡಯಲ್ಲು ಸರಿ ಇದೆ ಅಂತ ನೀವೇ ಹೇಳಿದ್ರಿ. ಒಣಕೋಣೆಯ ಕೈಪಿಡಿಯಲ್ಲಿ ನಲವತ್ಮೂರು ಅಂತಿದೆ. ತಾತ ಇಟ್ಟಿದ್ದು ನಲವತ್ತು. ಎರಡು ಡಿಗ್ರಿ ಅಂತರ ಇರ್ಬೇಕಾದ ಕಡೆ ಐದು. ಮುಗೀತಲ್ಲ?"

ಯಜಮಾನಿ ತಾತನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ತಾತ, ಅಂಕಿ ಕಾಣಿಸಲಿಲ್ವಾ?"

"ಕಾಣಿಸ್ತು."

"ಮತ್ತೆ ನಲವತ್ತು ಯಾಕೆ ಇಟ್ರಿ?"

ತಾತ ಮತ್ತೆ ಹಲಗೆಗಳ ಕಡೆ ತಿರುಗಿದರು. ಅತ್ತಿಗೆ ಮತ್ತೆ ಅವರ ಮುಂದೆ ಕುಳಿತಳು.

"ಮೇಷ್ಟ್ರೇ. ನಾನು ಕೇಳ್ತಿದೀನಿ."

"ನಾನು ಯಾವಾಗಲೂ ಮೂರು ಕಮ್ಮಿಯೇ ಇಡೋದು."

"ಯಾವಾಗಲೂ ಅಂದ್ರೆ?"

"ಹತ್ತೊಂಬತ್ತು ವರ್ಷದಿಂದ. ಆ ಡಯಲ್ಲು ಸುಳ್ಳು ಹೇಳತ್ತೆ. ನಲವತ್ತಕ್ಕೆ ಇಟ್ರೆ ನಲವತ್ಮೂರಕ್ಕೇ ಯಂತ್ರ ನಿಲ್ಸತ್ತೆ. ನಲವತ್ಮೂರು ಬೇಕು ಅಂದ್ರೆ ನಲವತ್ತಕ್ಕೆ ಇಡ್ಬೇಕು."

"ಇದನ್ನ ನನಗೆ ಯಾವತ್ತೂ ಹೇಳಲಿಲ್ಲ."

"ಇಲ್ಲ."

"ಎಲ್ಲ ಕಲಿಸಿದ್ರಿ. ಪ್ರತಿ ತಂತಿ ತೋರಿಸಿದ್ರಿ."

"ಅದೊಂದು ಹೇಳಲಿಲ್ಲ." ತಾತ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು, ಅಳುವಲ್ಲ, ಮಂಜು. "ಎಲ್ಲರಿಗೂ ಎಲ್ಲ ಗೊತ್ತಾದ್ರೆ ನಾನು ಯಾತಕ್ಕೆ ಬೇಕು? ಆ ಮೂರು ಡಿಗ್ರಿ ನನ್ನ ಹತ್ರ ಇತ್ತು. ಅದಕ್ಕೇ ಕೆಲಸ ಇತ್ತು."

"ಇದೊಳ್ಳೆ ಕಥೆ," ಅಂದ ಅಳಿಯ. "ಈಗ ತಾನೆ ಬಿಸಿನೀರಲ್ಲಿ ಇಟ್ಟು ನೋಡಿದ್ವಿ. ಡಯಲ್ಲು ನಿಜಾನೇ ಹೇಳ್ತಿದೆ."

"ಹಳೇ ಚಾರ್ಟು ತನ್ನಿ," ಅಂದಳು ಅತ್ತಿಗೆ.

ಹತ್ತೊಂಬತ್ತು ವರ್ಷದ್ದು ಮೂರು ರಟ್ಟಿನ ಡಬ್ಬಿಯಲ್ಲಿತ್ತು. ಒಂದೊಂದು ಲೋಡಿಗೆ ಒಂದೊಂದು ಹಾಳೆ, ತಾತನ ಗುಂಡು ಅಕ್ಷರ. ನಾನೂ ಅವಳೂ ನೆಲದ ಮೇಲೆ ಹರಡಿಕೊಂಡು ಕುಳಿತೆವು. ಕೈಪಿಡಿಯಲ್ಲಿ ನಲವತ್ಮೂರು ಅಂದಲ್ಲಿ ಹಾಳೆಯಲ್ಲಿ ನಲವತ್ತು. ನಲವತ್ತೊಂದು ಅಂದಲ್ಲಿ ಮೂವತ್ತೆಂಟು. ಪ್ರತಿ ಹಾಳೆಯ ಕೊನೆಗೆ ಯಜಮಾನಿಯ ಸಹಿ — ಸರಕು ಚೆನ್ನಾಗಿದೆ, ಸರಕು ಚೆನ್ನಾಗಿದೆ, ಸರಕು ಚೆನ್ನಾಗಿದೆ.

"ತಾತ ಹೇಳ್ತಿರೋದು ನಿಜ," ಅಂದಳು ಅತ್ತಿಗೆ. "ಆ ಡಯಲ್ಲು ಸರಿ ಇದ್ದಿದ್ರೆ ಈ ಹತ್ತೊಂಬತ್ತು ವರ್ಷದ ಸರಕೆಲ್ಲ ಸೀಳಬೇಕಿತ್ತು. ಸೀಳಿಲ್ಲ. ಅಂದ್ರೆ ಅದು ಸುಳ್ಳೇ ಹೇಳ್ತಿತ್ತು. ಈಗ ಹೇಳ್ತಿಲ್ಲ."

"ತಾನೇ ಸರಿ ಹೋಗಿರಬಹುದಲ್ಲ?" ಯಜಮಾನಿ ಕೇಳಿದರು.

"ಅಮ್ಮಾ, ಯಂತ್ರ ತಾನಾಗಿ ಸುಳ್ಳು ಹೇಳೋದು ಕಲಿಯತ್ತೆ. ತಾನಾಗಿ ನಿಜ ಹೇಳೋದು ಕಲಿಯಲ್ಲ. ಯಾರೋ ತಿರುಗಿಸಿದ್ದಾರೆ."

ಅವಳು ಡಯಲ್ಲಿನ ಗುಂಡಿಯನ್ನು ಎಳೆದು ಕಿತ್ತಳು. ಹಿಂದೆ ಅಕ್ಕಿಕಾಳಷ್ಟು ಸಣ್ಣ ಸ್ಕ್ರೂ. ಮುಳ್ಳನ್ನು ಸರಿ ಮಾಡುವ ಸ್ಕ್ರೂ ಅದು. ನಾನು ಟಾರ್ಚು ಹಿಡಿದೆ.

ಸ್ಕ್ರೂವಿನ ತಲೆಯ ಮೇಲೆ ಒಂದು ತೊಟ್ಟು ಬಣ್ಣ ಒಣಗಿತ್ತು. ನೇರಳೆ. ಒಳಗೆ ಮಿಣಮಿಣ ಪುಡಿ.

ಉಗುರುಬಣ್ಣ.

ಸರಿ ಮಾಡಿದ ಸ್ಕ್ರೂ ಮತ್ತೆ ಜಾರಬಾರದು ಅಂತ ಒಂದು ತೊಟ್ಟು ಬಣ್ಣ ಹಚ್ಚುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವುದೇ. ಬೇರೆಯವರು ಕೆಂಪು ಪೇಂಟು ಹಚ್ಚುತ್ತಾರೆ. ನೇರಳೆ ಉಗುರುಬಣ್ಣ ನನ್ನ ಮಗಳದ್ದು. ಶಾಲೆಯಲ್ಲಿ ಬೈದರು ಅಂತ ಅವಳು ಬಿಸಾಡಲು ಹೊರಟಾಗ ಅತ್ತಿಗೆ ಇಸಿದುಕೊಂಡು ಚೀಲದಲ್ಲಿ ಇಟ್ಟುಕೊಂಡಿದ್ದಳು. ಚೀಲ ನನ್ನ ಹೆಗಲ ಮೇಲೇ ಇತ್ತು.

ಟಾರ್ಚು ಅಲುಗದ ಹಾಗೆ ಹಿಡಿದುಕೊಂಡೆ. ನಾವಿಬ್ಬರೂ ಪೆಟ್ಟಿಗೆಗೆ ಅಡ್ಡ ನಿಂತಿದ್ದೆವು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

"ಅತ್ತಿಗೆ," ಮೆಲ್ಲಗೆ ಅಂದೆ. "ಹಳೇ ಸ್ಕ್ರೂ. ಅದುರಿ ಅದುರಿ ತಾನೇ ಜಾರಿದೆ ಅಂದ್ರೆ ಮುಗೀತು. ತಾತನೂ ಉಳೀತಾರೆ. ನಾವೂ ಉಳೀತೀವಿ."

ಅತ್ತಿಗೆ ಉಗುರಿನಿಂದ ಆ ತೊಟ್ಟನ್ನು ಮುಟ್ಟಿ ನೋಡಿದಳು.

"ಸುತ್ತಲ ಆರು ಮಿಲ್ಲೂ ಈ ಯಮ್ಮನ ಮಾತು ಕೇಳತ್ತೆ. ಆರರಲ್ಲೂ ನಾವೇ ಮಾಡ್ತಿರೋದು. ಅದು ಬಿಟ್ರೆ ನಮಗೆ ಬೇರೆ ಏನಿದೆ ಹೇಳು. ಮಕ್ಕಳು —"

"ಟಾರ್ಚು ಆರಿಸು," ಅಂದಳು. "ಸೆಲ್ಲು ಮುಗಿಯತ್ತೆ."

ಅವಳ ಮುಖದಲ್ಲಿ ಏನೂ ಇರಲಿಲ್ಲ. ಬಸ್ಸು ಹೋದ ಮೇಲೂ ನಿಲ್ದಾಣದಲ್ಲಿ ನಿಂತವರ ಮುಖ ಹೇಗಿರುತ್ತದೋ ಹಾಗಿತ್ತು. ಪೆಟ್ಟಿಗೆಯಿಂದ ಪಕ್ಕಕ್ಕೆ ಸರಿದಳು.

"ಗೇಟಿನ ರಿಜಿಸ್ಟರು ತರಿಸಿ ಅಮ್ಮ."

ತರಿಸಿದರು. ಅತ್ತಿಗೆ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ನೀವೇ ಓದಿ. ಹಿಂದಿನ ಒಳ್ಳೆ ಲೋಡು ಹೊರಗೆ ತೆಗೆದ ದಿನದಿಂದ ಹಿಡಿದು. ಒಣಕೋಣೆ ಅಂತ ಬರೆಸಿ ಒಳಗೆ ಬಂದ ಹೊರಗಿನವರು ಎಷ್ಟು ಜನ?"

ಯಜಮಾನಿ ಬೆರಳಿಟ್ಟು ಹಾಳೆ ತಿರುವಿದರು. ಒಂದು ಕಡೆ ಬೆರಳು ನಿಂತಿತು.

"ಒಬ್ಬರೇ. ಹದಿನಾಲ್ಕನೇ ತಾರೀಖು. ಗ್ಯಾಸು ತುಂಬೋಕೆ." ತಲೆಯೆತ್ತಿದರು. "ನೀವು."

"ನಾನು. ಬೆಳಿಗ್ಗೆ ಪಟ್ಟಿ ಮಾಡಿದಾಗ ಮೂರು ಜನ ಅಂದ್ರಿ. ನಾಲ್ಕನೆಯವಳು ಎದುರಿಗೇ ನಿಂತು ಪ್ರಶ್ನೆ ಕೇಳ್ತಿದ್ದಳು. ಡಾಕ್ಟರು ಬಂದು ಹೋದ್ರೆ ಮನೆಗೆ ಯಾರೋ ಬಂದ್ರು ಅಂತ ಯಾರೂ ಹೇಳಲ್ಲ. ನನಗೂ ನನ್ನ ಲೆಕ್ಕ ಹಿಡೀಬೇಕು ಅನ್ನಿಸಲಿಲ್ಲ."

ಫ್ಯೂಸು ಊಟದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದ.

"ಬಿಡಿಸಿ ಹೇಳಿ," ಅಂದರು ಯಜಮಾನಿ.

"ಆ ದಿನ ಇದು ನಾಲ್ಕನೇ ಕೆಲಸ. ಇವಳ ಮಗಳಿಗೆ ಜ್ವರ ಅಂತ ಇವಳು ಬಂದಿರಲಿಲ್ಲ. ತಾತ ಕಣ್ಣಾಸ್ಪತ್ರೆಗೆ ಹೋಗಿದ್ರು, ಇರಲಿಲ್ಲ. ಗ್ಯಾಸು ತುಂಬಿದೆ, ಬೆಲ್ಟು ಹಾಕಿದೆ. ಹೊರಡೋ ಮುಂಚೆ ಡಯಲ್ಲು ನೋಡಿದ್ದೀನಿ. ಇಲ್ಲಿ ಅದನ್ನ ಯಾವಾಗಲೂ ತಾತನೇ ನೋಡ್ಕೊಳ್ಳೋರು; ಬೇರೆ ಮಿಲ್ಲಲ್ಲೆಲ್ಲ ನಾನು ನೋಡೇ ನೋಡ್ತೀನಿ, ರೂಢಿ. ಮೂರು ಡಿಗ್ರಿ ತಪ್ಪು ಕಂಡಿದೆ. ಸರಿ ಮಾಡಿ, ಸ್ಕ್ರೂಗೆ ಬಣ್ಣ ಹಚ್ಚಿ ಹೋಗಿದ್ದೀನಿ. ಐದು ನಿಮಿಷದ ಕೆಲಸ ಅಂತ ರಿಪೋರ್ಟಲ್ಲಿ ಬರೀಲಿಲ್ಲ. ತಾತಂಗೆ ಫೋನು ಮಾಡಲಿಲ್ಲ. ನಿಜ ಹೇಳ್ಬೇಕು ಅಂದ್ರೆ, ಈ ಬಣ್ಣ ನೋಡೋವರೆಗೂ ನನಗೆ ನೆನಪೂ ಇರಲಿಲ್ಲ. ಕೈ ಮಾಡಿದೆ. ನಾನು ಅಲ್ಲಿರಲಿಲ್ಲ."

"ಅಂದ್ರೆ ನೀವು ಸರಿ ಮಾಡಿದ್ದಕ್ಕೆ ಕೆಟ್ಟಿತು?" ಅಳಿಯನಿಗೆ ನಂಬಿಕೆಯಾಗಲಿಲ್ಲ.

"ತಾತ ಮೂರು ಡಿಗ್ರಿ ಕಳೀತಿದ್ರು. ನಾನೂ ಅದೇ ಮೂರು ಡಿಗ್ರಿ ಕಳೆದೆ. ಒಂದೇ ತಪ್ಪನ್ನ ಇಬ್ಬರು ತಿದ್ದಿದ್ವಿ. ಅವರು ತಿದ್ದಿದ್ದು ಚಾರ್ಟಲ್ಲಿ ಬರೆದಿದೆ, ಯಾರು ಬೇಕಾದ್ರೂ ನೋಡಬಹುದು. ನಾನು ತಿದ್ದಿದ್ದು ಎಲ್ಲೂ ಬರೆದಿಲ್ಲ. ಈ ಲೋಡು ಕೆಟ್ಟಿದ್ದು ನನ್ನಿಂದ."

ತಾತ ಬಕೆಟ್ಟಿನಿಂದ ಎದ್ದರು. ಮಂಡಿ ಹಿಡಿದುಕೊಂಡೇ ಎದ್ದರು.

"ನಾನು ಹೇಳಿದ್ರೆ ನೀನು ಮುಟ್ತಿರಲಿಲ್ಲಮ್ಮ. ಮುಚ್ಚಿಟ್ಟಿದ್ದು ನಾನು."

"ಹೌದು, ಮುಚ್ಚಿಟ್ರಿ. ಆದ್ರೂ ತಿರುಗಿಸಿದ್ದು ನೀವಲ್ಲ, ಮೇಷ್ಟ್ರೇ."

"ಹೀಗೆ ಹೇಳು ಅಂತ ನಾನು ಆವಾಗ ಕೇಳಿದ್ದು ನಿನ್ನ ವಿಷಯಕ್ಕಲ್ಲ."

"ಗೊತ್ತು."

ಯಜಮಾನಿ ರಿಜಿಸ್ಟರು ಮುಚ್ಚಿದರು. ಆಮೇಲೆ ಅಳಿಯನಿಗೆ ಆ ಪುಸ್ತಕ ಒಳಗಿಡು ಅಂದರು. ತಾತನಿಗೆ ಮುಂದಿನ ಲೋಡಿಗೆ ನಲವತ್ಮೂರು ಬೇಕಾದರೆ ನಲವತ್ಮೂರಕ್ಕೇ ಇಡಿ ಅಂದರು. ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ ಅಂತಲೂ ಅಂದರು. ಕೊನೆಗೆ ಅತ್ತಿಗೆಯ ಕಡೆ ನೋಡದೆ ಹೇಳಿದರು:

"ಬೆಳಿಗ್ಗೆ ನಾನೊಂದು ಮಾತು ಹೇಳಿದ್ದೆ."

"ಕೇಳಿಸ್ಕೊಂಡಿದ್ದೀನಿ ಅಮ್ಮ," ಅಂದಳು ಅತ್ತಿಗೆ. "ಬಟ್ಟೆ ವಾಪಸ್ಸು ಬಲ್ಬಿಗೆ ಸುತ್ತಿ ಹೋಗ್ತೀನಿ. ಇಲ್ಲಾಂದ್ರೆ ಒಣಗತ್ತೆ."

ಸುತ್ತಿದಳು. ದಾರ ಬಿಗಿದಳು. ನೀರು ಏರುತ್ತಿದೆಯೋ ಎಂದು ಬೆರಳಿಂದ ಮುಟ್ಟಿ ನೋಡಿದಳು. ಗುಂಡಿಯನ್ನು ಒತ್ತಿ ಕೂರಿಸಿದಳು. ನಾನು ಚೀಲ ಎತ್ತಿಕೊಂಡೆ.

ವ್ಯಾನು ಹತ್ತಿ ಗೇಟಿಗೆ ಬಂದೆವು. ಗಾರೆ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು, ಅದು ತಿರುಗುವವರೆಗೆ ಕಾದೆವು.

"ನಾಳೆ ಯಾವ ಮಿಲ್ಲು ಇತ್ತು?" ಅವಳು ಕೇಳಿದಳು.

"ಇಟ್ಟಿಗೆ ಗೂಡಿನ ಪಕ್ಕದ್ದು. ಆಗಲೇ ಫೋನು ಬಂತು. ಬರೋದು ಬೇಡವಂತೆ."

"ಇಷ್ಟು ಬೇಗ?"

"ಇಷ್ಟು ಬೇಗ."

ಅವಳು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. "ಮಕ್ಕಳು ಶಾಲೆಯಿಂದ ಬರೋ ಹೊತ್ತು. ಬೇಗ ಓಡಿಸು."

ಆ ವಾರದೊಳಗೆ ಆರರಲ್ಲಿ ಐದು ಮಿಲ್ಲು ನಮ್ಮನ್ನು ಬಿಟ್ಟವು. ಬಕೆಟ್ ತಾತ ಕೆಲಸದಲ್ಲಿದ್ದಾರೆ. ಅವರಿಗೆ ಕೊಟ್ಟ ಮಾತನ್ನು ಅತ್ತಿಗೆ ಉಳಿಸಿಕೊಂಡಳು.